ಬೀರು: ಬಾರ್ಲಿ ನೀರೋ, ಶೆರೆಯೋ?



ಹೋದ ಬೇಸಿಗೆಯಲ್ಲಿ ಮಹಾಗಾಂವ ಕಡೆಯ ಒಂದು ಮನೆಗೆ ಕುಟುಂಬ ಪ್ರಾರ್ಥನೆಗೆಂದು ಹೋಗಿದ್ದೆ. ಪ್ರಾರ್ಥನೆ ಮುಗಿದು, ಜಪಮಾಲೆ ಮಡಚಿಟ್ಟು, ಎಲ್ಲರೂ ಅಂಗಳಕ್ಕೆ ಬಂದ ಮೇಲೆ ಆ ಮನೆಯ ತಾಯಿ ಒಂದು ಚೊಂಬು ಜೋಳದ ಅಂಬಲಿ ತಂದುಕೊಟ್ಟು ಪಕ್ಕದಲ್ಲೇ ನಿಂತರು. ಏನೋ ಕೇಳಬೇಕಾಗಿದೆ ಎಂದು ಮುಖದಲ್ಲೇ ತಿಳಿಯುತ್ತಿತ್ತು. ಕೊನೆಗೆ ಕೇಳಿದರು: "ಫಾದರ್, ಬೀರ್ ಅಂದ್ರ ಶೆರಿ ಅಲ್ಲಂತ್ರಿ, ಬರೇ ಬಾರ್ಲಿ ನೀರಂತ್ರಿ. ಕಿಡ್ನ್ಯಾಗಿನ ಹಳ್ಳ ಕರಗ್ತದಂತ ನಮ್ಮ ಹುಡುಗ ದಿನಾ ಒಂದು ಬಾಟ್ಲಿ ಕುಡೀಲಿಕ್ಹತ್ಯಾನ್ರಿ. ಖರೆ ಏನ್ರಿ?"

ಆಕೆಯ ಗಂಡ ಸಾರಾಯಿಗೆ ಬಲಿಯಾದವರು. ಸರ್ಕಾರ 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿಯನ್ನು ನಿಷೇಧಿಸಿದಾಗ ಆ ಮನೆಯ ಮಟ್ಟಿಗೆ ಕಾಲ ಮೀರಿತ್ತು. ಆದ್ದರಿಂದ ಆ ಪ್ರಶ್ನೆಯನ್ನು ನಾನು ನಗೆಯಲ್ಲಿ ತೇಲಿಸಲಿಲ್ಲ. "ಯವ್ವಾ, ಕೇಳಿ ಓದಿ ಹೇಳ್ತೀನಿ" ಎಂದೆ. ಹೇಳಬೇಕಾದದ್ದು ಆ ಒಂದು ಮನೆಗೆ ಮಾತ್ರವಲ್ಲ ಎಂದು ಅನ್ನಿಸಿದ್ದರಿಂದ ಈ ಪುಟದಲ್ಲಿ ಬರೆಯುತ್ತಿದ್ದೇನೆ. (ಮೈಸೂರು ಕಡೆಯ ಓದುಗರು ಬೀರು ಎಂದರೆ ಬಟ್ಟೆ ಇಡುವ ಕಬ್ಬಿಣದ ಕಪಾಟು ಎಂದು ತಿಳಿದು ಪುಟ ತಿರುವದಿರಲಿ!)

ಮೊದಲು, ಅದು ಬಾರ್ಲಿ ನೀರು ಹೌದೇ ಎಂಬುದನ್ನು ನೋಡೋಣ. ಬಾರ್ಲಿ ಕಾಳನ್ನು ನೆನೆಹಾಕಿ ಮೊಳಕೆ ಬರಿಸುತ್ತಾರೆ. ಮೊಳಕೆ ಒಡೆದಾಗ ಕಾಳಿನೊಳಗೆ ಹಿಟ್ಟನ್ನು ಸಕ್ಕರೆಯಾಗಿ ಮಾರ್ಪಡಿಸುವ ಕಿಣ್ವಗಳು ಹುಟ್ಟುತ್ತವೆ. ಆ ಹಂತದಲ್ಲಿ ಅದನ್ನು ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್ ಸಿದ್ಧ. ಮಾಲ್ಟನ್ನು ಒಡೆದು ಬಿಸಿನೀರಿನಲ್ಲಿ ಕಲಸಿಟ್ಟರೆ ಸಿಹಿಯಾದ ರಸ ಬಿಡುತ್ತದೆ. ಅದಕ್ಕೆ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಇಲ್ಲಿಯವರೆಗೆ ಅದು ಬಾರ್ಲಿ ನೀರೇ. ಯೀಸ್ಟ್ ಬಿದ್ದ ಮೇಲೆ ಅಲ್ಲ. ಆ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಎರಡನ್ನು ಹೊರಬಿಡುತ್ತದೆ: ನೊರೆ ಬರಿಸುವ ಗಾಳಿ ಮತ್ತು ಮದ್ಯಸಾರ. ವಿಸ್ಕಿಯಲ್ಲಿರುವುದೂ, ಸಾರಾಯಿಯಲ್ಲಿದ್ದುದೂ ಇದೇ ಮದ್ಯಸಾರ.

ಈ ಯೀಸ್ಟಿನ ವಿಷಯ ಸ್ವಾರಸ್ಯಕರವಾಗಿದೆ. ಜರ್ಮನಿಯ ಬವೇರಿಯಾದಲ್ಲಿ 1516ರ ಏಪ್ರಿಲ್ 23ರಂದು ಬೀರಿನ ಶುದ್ಧತೆಯ ಕುರಿತು ಒಂದು ಪ್ರಸಿದ್ಧ ಕಟ್ಟಳೆ ಹೊರಟಿತು. ಬಾರ್ಲಿ, ಹಾಪ್ಸ್, ನೀರು, ಈ ಮೂರನ್ನು ಬಿಟ್ಟು ಬೇರೇನೂ ಹಾಕಕೂಡದು ಎಂದು ಅದು ವಿಧಿಸಿತು. ಯೀಸ್ಟಿನ ಹೆಸರೇ ಅದರಲ್ಲಿಲ್ಲ. ಹುಳಿ ಏರಿಸುವುದು ಒಂದು ಜೀವಿ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಲೂಯಿ ಪಾಶ್ಚರ್ ಬೀರಿನ ಮೇಲಿನ ತನ್ನ ಅಧ್ಯಯನವನ್ನು ಪ್ರಕಟಿಸಿದ್ದು 1876ರಲ್ಲಿ. ಮೂರು ಸೇರು ಹಿಟ್ಟಿನಲ್ಲಿ ಹುಳಿಯನ್ನು ಅಡಗಿಸಿಟ್ಟ ಹೆಂಗಸಿನ ಸಾಮತಿಯನ್ನು ಯೇಸುಸ್ವಾಮಿ ಹೇಳಿದ್ದಾರೆ (ಮತ್ತಾಯ 13:33). ಕಣ್ಣಿಗೆ ಕಾಣದೆ ಒಳಗೊಳಗೇ ಕೆಲಸ ಮಾಡುವುದು ಅದರ ಗುಣ. ಒಳ್ಳೆಯದರಲ್ಲೂ ಹಾಗೆಯೇ, ಕೆಟ್ಟದ್ದರಲ್ಲೂ ಹಾಗೆಯೇ.

ನಮ್ಮ ಕಲಬುರಗಿ ಸೀಮೆ ಬಾರ್ಲಿಯ ನಾಡಲ್ಲ, ಜೋಳ-ತೊಗರಿಯ ನಾಡು. ಇಲ್ಲಿನ ಹಳೆಯ ಅಮಲು ಸಿಂದಿ, ಅಂದರೆ ಈಚಲು ಮರದ ಹೆಂಡ. ನಿಜಾಮರ ಆಳ್ವಿಕೆಯಲ್ಲಿ ಅಬಕಾರಿ ಸರ್ಕಾರದ ದೊಡ್ಡ ಆದಾಯಗಳಲ್ಲಿ ಒಂದಾಗಿತ್ತು. ಆದರೆ ನಾವು ದಿನವೂ ರೊಟ್ಟಿ ಬಡಿಯುವ ಇದೇ ಜೋಳ ಆಫ್ರಿಕಾದಿಂದ ಬಂದ ಧಾನ್ಯ. ಅಲ್ಲಿನ ಹಲವು ದೇಶಗಳಲ್ಲಿ ಇಂದಿಗೂ ಜೋಳಕ್ಕೆ ಮೊಳಕೆ ಬರಿಸಿ ಮನೆಯಲ್ಲೇ ಬೀರು ಮಾಡುತ್ತಾರೆ. ನಮ್ಮ ತಾಯಂದಿರು ಅದೇ ಜೋಳದ ಹಿಟ್ಟನ್ನು ರಾತ್ರಿಯಿಡೀ ಹುಳಿ ಬರಿಸಿ ಅಂಬಲಿಯಲ್ಲೇ ನಿಲ್ಲಿಸಿದರು. ಅವರಿಗೆ ನಮ್ಮ ಕೃತಜ್ಞತೆ ಸಲ್ಲಬೇಕು.

ಪವಿತ್ರ ಬೈಬಲಿನಲ್ಲಿ ಬೀರು ಇದೆಯೇ ಎಂದು ಯುವಕರು ಕೇಳುತ್ತಾರೆ. ದ್ರಾಕ್ಷಾರಸದ ಜೊತೆಯಲ್ಲಿ 'ಶೇಕಾರ್' ಎಂಬ ಇನ್ನೊಂದು ಪಾನೀಯದ ಹೆಸರು ಹಳೆಯ ಒಡಂಬಡಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಅನುವಾದಗಳಲ್ಲಿ ಅದು 'ಮದ್ಯ' ಎಂದಾಗಿದೆ. ಬಾಬಿಲೋನಿಯಾದ ಭಾಷೆಯಲ್ಲಿ ಇದರ ಸೋದರಪದವಾದ 'ಶಿಕಾರು' ಎಂದರೆ ಬೀರೇ. ಆ ನಾಡಿನಲ್ಲಿ ಕೂಲಿಯ ಜೊತೆ ಬೀರನ್ನು ಅಳೆದುಕೊಡುತ್ತಿದ್ದರು. ಸುಮಾರು 3,750 ವರ್ಷಗಳ ಹಿಂದಿನ ಹಮ್ಮುರಾಬಿಯ ಕಾನೂನಿನಲ್ಲಿ, ಅಳತೆಯಲ್ಲಿ ಮೋಸ ಮಾಡಿದ ಹೆಂಡದಂಗಡಿಯ ಒಡತಿಯನ್ನು ನೀರಿಗೆ ಎಸೆಯಬೇಕೆಂಬ ವಿಧಿಯಿದೆ. ಸಂತ ಜೆರೋಮರು ನೆಪೋಸಿಯಾನ್ ಎಂಬ ಯುವ ಯಾಜಕನಿಗೆ ಬರೆದ ಪತ್ರದಲ್ಲಿ ಶೇಕಾರ್ ಎಂದರೇನೆಂದು ವಿವರಿಸಿದ್ದಾರೆ: ಅಮಲೇರಿಸುವ ಯಾವುದೇ ಪಾನೀಯ, ಅದು ಧಾನ್ಯದಿಂದಾದರೂ ಸರಿ, ಹಣ್ಣಿನ ರಸದಿಂದಾದರೂ ಸರಿ, ಜೇನಿನಿಂದಾದರೂ, ಖರ್ಜೂರದ ಹಣ್ಣಿನಿಂದಾದರೂ ಸರಿ. ಖರ್ಜೂರವೂ ನಮ್ಮ ಈಚಲೂ ಒಂದೇ ಕುಲದ ಮರಗಳು. ಅಂದರೆ 'ಇದು ಧಾನ್ಯದ್ದು, ಶೆರೆಯಲ್ಲ' ಎಂಬ ವಾದಕ್ಕೆ ಹದಿನಾರು ಶತಮಾನಗಳ ಹಿಂದೆಯೇ ಒಬ್ಬ ಧರ್ಮಪಂಡಿತರು ಬಾಗಿಲು ಹಾಕಿದ್ದಾರೆ.

ಬೈಬಲು ಈ ಶೇಕಾರನ್ನು ಹೇಗೆ ನೋಡುತ್ತದೆ? ಒಂದೇ ಮಾತಿನಲ್ಲಿ ಹೇಳಲಾಗದು. ಹಬ್ಬಕ್ಕೆ ದೂರದಿಂದ ಬಂದವನು ತನ್ನ ದಶಮಾಂಶದ ಹಣದಿಂದ ದ್ರಾಕ್ಷಾರಸವನ್ನೋ ಮದ್ಯವನ್ನೋ ಕೊಂಡು, ಮನೆಮಂದಿಯೊಡನೆ ದೇವರ ಮುಂದೆ ಸಂತೋಷಪಡಬಹುದು ಎಂದು ಧರ್ಮೋಪದೇಶಕಾಂಡ 14:26 ಅನುಮತಿಸುತ್ತದೆ. ಆದರೆ ಗುಡಾರದೊಳಗೆ ಸೇವೆಗೆ ಹೋಗುವ ಯಾಜಕನು ಅದನ್ನು ಮುಟ್ಟಕೂಡದು (ಯಾಜಕಕಾಂಡ 10:9). ಸಂಸೋನನ ತಾಯಿ ಬಸುರಿಯಾಗುವ ಮೊದಲೇ ಅದನ್ನು ಬಿಡಬೇಕೆಂದು ದೇವದೂತನು ಹೇಳುತ್ತಾನೆ. ಸ್ನಾನಿಕ ಯೊವಾನ್ನರು ಅದನ್ನು ಕುಡಿಯುವುದೇ ಇಲ್ಲ. ಬೆಳಗೆದ್ದು ಮದ್ಯವನ್ನು ಅರಸಿ ಹೋಗುವವರ ಪಾಡನ್ನು ಪ್ರವಾದಿ ಯೆಶಾಯ ಹೇಳುವ ರೀತಿ (5:11) ಕೇಳಿದರೆ ಯಾವುದೋ ಕ್ರಾಸಿನ ಅಂಗಡಿಯ ಮುಂದೆ ನಿಂತು ನೋಡಿ ಬರೆದಂತಿದೆ.

ಇನ್ನು ಧರ್ಮಸಭೆಯ ಇತಿಹಾಸ. ಇಲ್ಲಿ ನಿಮಗೆ ಆಶ್ಚರ್ಯ ಕಾದಿದೆ. ದ್ರಾಕ್ಷಿ ಬೆಳೆಯದ ಚಳಿನಾಡುಗಳಲ್ಲಿ ಬೀರಿನ ಕಸುಬನ್ನು ಬೆಳೆಸಿದವರಲ್ಲಿ ಮಠವಾಸಿಗಳು ಮುಂಚೂಣಿಯಲ್ಲಿದ್ದರು. ಸ್ವಿಟ್ಜರ್‌ಲೆಂಡಿನ ಸೇಂಟ್ ಗಾಲ್ ಮಠದಲ್ಲಿ ಸುಮಾರು 820-830ರ ಕಾಲದ ಒಂದು ಮಠದ ನಕ್ಷೆ ಉಳಿದುಬಂದಿದೆ. ಅದರಲ್ಲಿ ಬೀರು ಮಾಡಲು ಮೂರು ಮನೆಗಳಿವೆ: ಮಠವಾಸಿಗಳಿಗೆ, ಗಣ್ಯ ಅತಿಥಿಗಳಿಗೆ, ಬಡವರಿಗೆ ಮತ್ತು ಯಾತ್ರಿಕರಿಗೆ ಬೇರೆ ಬೇರೆ. 'ಆ ಕಾಲದಲ್ಲಿ ನೀರು ಕೆಟ್ಟದ್ದಿತ್ತು, ಅದಕ್ಕೇ ಎಲ್ಲರೂ ಬೀರು ಕುಡಿದರು' ಎಂದು ಹೇಳುವುದುಂಟು. ಇದು ಅರ್ಧ ಸತ್ಯ. ಜನ ನೀರನ್ನೂ ಕುಡಿಯುತ್ತಿದ್ದರು, ಮಠಗಳು ಒಳ್ಳೆಯ ಊಟೆ ಇದ್ದಲ್ಲೇ ನೆಲೆಯೂರುತ್ತಿದ್ದವು. ಬೀರು ಅವರಿಗೆ ಮುಖ್ಯವಾಗಿ ಆಹಾರವಾಗಿತ್ತು. ಪಿಡುಗಿನ ಸಮಯದಲ್ಲಿ ನೀರಿನ ಬದಲು ಕುದಿಸಿ ಮಾಡಿದ ಬೀರನ್ನು ಕುಡಿಯಲು ಹೇಳಿ ಜನರನ್ನು ಉಳಿಸಿದರೆಂಬ ಐತಿಹ್ಯದಿಂದ, 1087ರಲ್ಲಿ ನಿಧನರಾದ ಸ್ವಾಸೋನ್ ನಗರದ ಸಂತ ಆರ್ನಾಲ್ಡರು ಬೆಲ್ಜಿಯಂನ ಬೀರು ಮಾಡುವವರ ಪಾಲಕ ಸಂತರಾದರು.

ಜರ್ಮನಿಯ ಸಂತ ಹಿಲ್ಡೆಗಾರ್ಡ್ (1098-1179) ಗಿಡಮೂಲಿಕೆಗಳ ಬಗೆಗಿನ ತಮ್ಮ ಗ್ರಂಥದಲ್ಲಿ ಹಾಪ್ಸ್ ಬಗ್ಗೆ ಬರೆದಿದ್ದಾರೆ. ಅದರ ಕಹಿ ಪಾನೀಯವನ್ನು ಕೆಡದಂತೆ ಕಾಯುತ್ತದೆ, ಆದರೆ ಮನುಷ್ಯನ ಮನಸ್ಸನ್ನು ಅದು ಮಂಕಾಗಿಸುತ್ತದೆ ಎಂಬುದು ಅವರ ಅಭಿಪ್ರಾಯ. ಇವರನ್ನು ಪೋಪ್ ಹದಿನಾರನೆಯ ಬೆನೆಡಿಕ್ಟರು 2012ರ ಅಕ್ಟೋಬರ್ 7ರಂದು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಧರ್ಮಸಭೆಯ ಹಳೆಯ ಸಂಸ್ಕಾರ ಗ್ರಂಥದಲ್ಲಿ ಬೀರನ್ನು ಆಶೀರ್ವದಿಸುವ ಪ್ರಾರ್ಥನೆಯೂ ಇದೆ. ಅದು ಕುಡಿಯುವವರ ದೇಹಕ್ಕೆ ಆರೋಗ್ಯವೂ ಆತ್ಮಕ್ಕೆ ರಕ್ಷಣೆಯೂ ಆಗಲಿ ಎಂದು ಬೇಡುತ್ತದೆ. ಹಾಗಾದರೆ ಫಾದರ್ ಒಂದು ಕೇಸ್ ಆಶೀರ್ವದಿಸಿಕೊಡಿ ಎಂದು ಯಾರಾದರೂ ಬರುವ ಮುನ್ನ ಮುಂದಿನದನ್ನೂ ಓದಿರಿ.

ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ ನಲವತ್ತನೆಯ ಅಧ್ಯಾಯದಲ್ಲಿ ಮಠವಾಸಿಗೆ ದಿನಕ್ಕೆ ಒಂದು ಸಣ್ಣ ಅಳತೆಯಷ್ಟು ದ್ರಾಕ್ಷಾರಸವನ್ನು ಗೊತ್ತುಮಾಡಿದರು. ಆ ಅಳತೆ ಸುಮಾರು ಕಾಲು ಲೀಟರ್ ಎಂದು ಹೆಚ್ಚಿನವರ ಲೆಕ್ಕ. ಕುಡಿಯದೆ ಇರುವ ವರ ಪಡೆದವರಿಗೆ ವಿಶೇಷ ಪ್ರತಿಫಲವಿದೆ, ಊರಿನ ಸ್ಥಿತಿಯಿಂದ ಏನೂ ಸಿಗದಿದ್ದರೆ ಗೊಣಗದೆ ದೇವರನ್ನು ಸ್ತುತಿಸಲಿ ಎಂದೂ ಸೇರಿಸಿದರು. ಅಂದರೆ ಬೀರು ಬಂದದ್ದು ಅಳತೆಯ ಬದುಕಿನೊಳಕ್ಕೆ. ಇಂದಿಗೂ ಬೆಲ್ಜಿಯಂ ಮೊದಲಾದೆಡೆ ಟ್ರಾಪಿಸ್ಟ್ ಮಠಗಳು ಬೀರು ಮಾಡುತ್ತವೆ. 1997ರಲ್ಲಿ ಸ್ಥಾಪನೆಯಾದ ಅವರ ಸಂಘದ ಷರತ್ತಿನಂತೆ ಬೀರು ಮಠದ ಆವರಣದಲ್ಲೇ, ಮಠವಾಸಿಗಳ ಮೇಲ್ವಿಚಾರಣೆಯಲ್ಲೇ ತಯಾರಾಗಬೇಕು. ಬಂದ ಹಣ ಮಠದ ಜೀವನಾಧಾರಕ್ಕೂ ಬಡವರಿಗೂ ಹೋಗಬೇಕು.

ಈ ಮಠಗಳಲ್ಲಿ ಒಂದರ ಕಥೆ ನಮ್ಮ ನೆರೆಯ ಕೇರಳದವರೆಗೆ ಬರುತ್ತದೆ. ಶಿಮೇ ಎಂಬ ಹೆಸರಾಂತ ಬೀರನ್ನು ಮಾಡುವ ಬೆಲ್ಜಿಯಂನ ಸ್ಕೂರ್ಮಾನ್ ಮಠದಿಂದ ಫ್ರಾನ್ಸಿಸ್ ಎಂಬ ಮಠವಾಸಿಯೊಬ್ಬರು 1955ರಲ್ಲಿ ಭಾರತಕ್ಕೆ ಬಂದರು. 1958ರಲ್ಲಿ ಬೀಡ್ ಗ್ರಿಫಿತ್ಸರೊಡನೆ ವಾಗಮಣ್ ಬೆಟ್ಟದಲ್ಲಿ ಕುರಿಶುಮಲ ಆಶ್ರಮವನ್ನು ಕಟ್ಟಿದರು. ಕಾವಿ ಉಟ್ಟು ಫ್ರಾನ್ಸಿಸ್ ಆಚಾರ್ಯರೆನಿಸಿ 2002ರಲ್ಲಿ ಅಲ್ಲಿಯೇ ದೈವಾಧೀನರಾದರು. ಬೀರಿನ ಮಠದಿಂದ ಬಂದವರು ಇಲ್ಲಿ ಜೀವನೋಪಾಯಕ್ಕೆ ಏನು ಮಾಡಿದರು ಗೊತ್ತೇ? ಹಸು ಕಟ್ಟಿದರು. ಬೆಟ್ಟದಲ್ಲಿ ಹುಲ್ಲು ಬೆಳೆಸಿ ಹಾಲು ಮಾರಿದರು, ಸುತ್ತಲ ರೈತರಿಗೂ ಆ ದಾರಿ ತೋರಿದರು. ನನಗೆ ಈ ಸಂಗತಿ ಬಹಳ ಹಿಡಿಸಿತು. ಅಲ್ಲಿ ಸಲ್ಲುವುದೆಲ್ಲ ಇಲ್ಲಿಯೂ ಸಲ್ಲಬೇಕೆಂದಿಲ್ಲ ಎಂಬುದು ಅವರಿಗೆ ತಿಳಿದಿತ್ತು.

ಸಂಸ್ಕಾರಗಳ ವಿಷಯದಲ್ಲೂ ಬೀರಿಗೆ ಸಂಬಂಧಿಸಿದ ಒಂದು ತೀರ್ಮಾನವಿದೆ. ನಾರ್ವೆ ದೇಶದಲ್ಲಿ ನೀರಿನ ಅಭಾವದಿಂದ ಕೆಲವು ಕೂಸುಗಳಿಗೆ ಬೀರಿನಲ್ಲೇ ದೀಕ್ಷಾಸ್ನಾನ ಕೊಟ್ಟಿದ್ದರು. ಅದು ಸಲ್ಲುತ್ತದೆಯೇ ಎಂಬ ಪ್ರಶ್ನೆ ರೋಮಿಗೆ ಹೋಯಿತು. ಪೋಪ್ ಒಂಬತ್ತನೆಯ ಗ್ರೆಗೊರಿಯವರು 1241ರ ಜುಲೈ 8ರಂದು ಆ ನಾಡಿನ ಮಹಾಧರ್ಮಾಧ್ಯಕ್ಷರಿಗೆ ಉತ್ತರ ಬರೆದರು: ಸಲ್ಲದು. ಯೇಸುಸ್ವಾಮಿ ನಿಕೊದೇಮನಿಗೆ ಹೇಳಿದ್ದು ನೀರು ಮತ್ತು ಪವಿತ್ರಾತ್ಮರಿಂದ ಹುಟ್ಟಬೇಕೆಂದು. ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ನಮ್ಮ ಹಳ್ಳಿಗಳವರು ಇದನ್ನು ಕೇಳಿಸಿಕೊಳ್ಳಬೇಕು: ಬಾವಿಯ ತಳದ ಕೆಸರು ನೀರಾದರೂ ದೀಕ್ಷಾಸ್ನಾನಕ್ಕೆ ಸಲ್ಲುತ್ತದೆ, ಎಷ್ಟೇ ಬೆಲೆಯ ಬೀರಾದರೂ ಸಲ್ಲದು. ಹಾಗೆಯೇ ಪರಮಪ್ರಸಾದಕ್ಕೆ ದ್ರಾಕ್ಷಿಯಿಂದಲೇ ಆದ ರಸ, ಗೋಧಿಯಿಂದಲೇ ಆದ ರೊಟ್ಟಿ ಬೇಕೆಂದು ಧರ್ಮಸಭೆಯ ಕಾನೂನಿನ 924ನೆಯ ವಿಧಿ ಹೇಳುತ್ತದೆ. ನಮ್ಮ ಜೋಳದ ರೊಟ್ಟಿ ಅಲ್ಲಿ ಸಲ್ಲದೆಂದು ಹಿರಿಯರೊಬ್ಬರು ನನ್ನಲ್ಲಿ ಬೇಸರಪಟ್ಟುಕೊಂಡಿದ್ದರು. ಕಡೆಯ ಭೋಜನದಲ್ಲಿ ಪ್ರಭು ಕೈಗೆತ್ತಿಕೊಂಡದ್ದನ್ನು ಬದಲಿಸುವ ಅಧಿಕಾರ ನಮಗಿಲ್ಲ ಎಂಬುದಷ್ಟೇ ಕಾರಣ. ರೊಟ್ಟಿಯ ಬೆಲೆ ಅದರಿಂದ ತಗ್ಗುವುದಿಲ್ಲ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಬೀರು ಇಲ್ಲಿಗೆ ಬಂದದ್ದು ಮಠದಿಂದಲ್ಲ, ಬ್ರಿಟಿಷರ ದಂಡಿನಿಂದ. ಬೆಂಗಳೂರಿನ ದಂಡುಪ್ರದೇಶದ ಸಿಪಾಯಿಗಳಿಗೆ ದೊಡ್ಡ ದೊಡ್ಡ ಪೀಪಾಯಿಗಳಲ್ಲಿ, ಎತ್ತಿನ ಗಾಡಿಗಳ ಮೇಲೆ ಅದು ಸರಬರಾಜಾಗುತ್ತಿತ್ತು. ದಕ್ಷಿಣದ ಐದು ಸಣ್ಣ ಬೀರು ಕಾರ್ಖಾನೆಗಳನ್ನು ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವರು 1915ರಲ್ಲಿ ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು ಮಾಡಿದರು. 1947ರಲ್ಲಿ ವಿಠ್ಠಲ ಮಲ್ಯರು ಅದರ ಮೊದಲ ಭಾರತೀಯ ನಿರ್ದೇಶಕರಾದರು. 1978ರಲ್ಲಿ ಕಿಂಗ್‌ಫಿಷರ್ ಹೆಸರು ಮಾರುಕಟ್ಟೆಗೆ ಬಂತು. 2021ರಲ್ಲಿ ಆ ಕಂಪನಿಯ ಹಿಡಿತ ಹಾಲೆಂಡಿನ ಹೈನೆಕೆನ್ ಪಾಲಾಯಿತು. ಬಾರ್ಲಿ ಉತ್ತರ ಭಾರತದ್ದು, ಹಾಪ್ಸ್ ಬಹುಮಟ್ಟಿಗೆ ಹೊರದೇಶದ್ದು. ಬಾಟ್ಲಿ ಮಾತ್ರ ನಮ್ಮ ಹೊಲದ ಬದುವಿನ ಮೇಲೆ ಬಿದ್ದಿರುತ್ತದೆ.

ಇಲ್ಲಿ ಒಂದು ಲೆಕ್ಕ ಮಾಡಬೇಕು. ಮಕ್ಕಳ ಕೈಲಿ ಮಾಡಿಸಿದರೂ ಸರಿ. ನಮ್ಮ ದೇಶದಲ್ಲಿ ಮಾರಾಟವಾಗುವ ಬೀರಿನಲ್ಲಿ ಹೆಚ್ಚಿನ ಪಾಲು 'ಸ್ಟ್ರಾಂಗ್' ಎಂಬುದು. ನೂರಕ್ಕೆ 5ಕ್ಕಿಂತ ಹೆಚ್ಚು, 8ರವರೆಗೆ ಮದ್ಯಸಾರ ಅದರಲ್ಲಿರಬಹುದು. ದೊಡ್ಡ ಬಾಟ್ಲಿ 650 ಮಿಲಿಲೀಟರ್. ಶೇಕಡಾ 8ರಂತೆ ಒಂದು ಬಾಟ್ಲಿಯಲ್ಲಿ 52 ಮಿಲಿಲೀಟರ್, ತೂಕದಲ್ಲಿ ಸುಮಾರು 41 ಗ್ರಾಂ ಶುದ್ಧ ಮದ್ಯಸಾರ. 30 ಮಿಲಿಲೀಟರಿನ ಒಂದು ಸಣ್ಣ ಪೆಗ್ ವಿಸ್ಕಿಯಲ್ಲಿ ಇರುವುದು ಸುಮಾರು 10 ಗ್ರಾಂ. 'ನಾನು ವಿಸ್ಕಿ ಮುಟ್ಟೋದಿಲ್ಲ ಫಾದರ್, ಒಂದೇ ಬಾಟ್ಲಿ ಬೀರು' ಎನ್ನುವವನು ನಾಲ್ಕು ಪೆಗ್ ಕುಡಿದಿರುತ್ತಾನೆ. ಅದನ್ನು ಕಳೆಯಲು ಯಕೃತ್ತಿಗೆ ನಾಲ್ಕೈದು ತಾಸು ಬೇಕು. ಆ ಸ್ಥಿತಿಯಲ್ಲಿ ಮಹಾಗಾಂವ ಕ್ರಾಸಿನಿಂದ ಹುಮನಾಬಾದ್ ರಸ್ತೆಗೆ ಮೋಟಾರ್ ಸೈಕಲ್ ಇಳಿಸಿದರೆ, ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಕಾನೂನಿನ ಮಿತಿ ಎಂದೋ ದಾಟಿರುತ್ತದೆ. ಮೊದಲ ತಪ್ಪಿಗೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ. ಇವು ತೀರಾ ಸಣ್ಣ ನಷ್ಟಗಳು. ಆ ರಸ್ತೆಯಲ್ಲಿ ಲಾರಿಗಳು ಓಡಾಡುವುದನ್ನು ಕಂಡವರಿಗೆ ದೊಡ್ಡದನ್ನು ಹೇಳಬೇಕಾಗಿಲ್ಲ.

ಕಿಡ್ನಿಯ ಹಳ್ಳಿನ ಪ್ರಶ್ನೆಗೆ ವೈದ್ಯಕೀಯ ಉತ್ತರ ಸ್ಪಷ್ಟವಾಗಿದೆ. ಬೀರು ಹಳ್ಳನ್ನು ಕರಗಿಸುವುದಿಲ್ಲ. ಮೂತ್ರ ಹೆಚ್ಚಾಗುವುದು ನಿಜ. ಆದರೆ ಮದ್ಯಸಾರ ದೇಹದ ನೀರನ್ನು ಹೊರಗೆಳೆಯುತ್ತದೆ, ಮರುದಿನ ಮೂತ್ರ ಇನ್ನಷ್ಟು ದಟ್ಟವಾಗುತ್ತದೆ. ಬೀರಿನಲ್ಲಿರುವ ಪ್ಯೂರಿನ್ ಎಂಬ ಅಂಶದಿಂದ ಯೂರಿಕ್ ಆಮ್ಲ ಏರುತ್ತದೆ, ಅದರಿಂದಲೇ ಒಂದು ಬಗೆಯ ಹಳ್ಳು ಹುಟ್ಟುತ್ತದೆ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ದುಡಿಯುವವರಿಗೆ ಬೇಕಾದದ್ದು ನೀರು, ದಿನಕ್ಕೆ ಎರಡೂವರೆ-ಮೂರು ಲೀಟರ್, ಬೆವರು ಹೆಚ್ಚಾದರೆ ಇನ್ನೂ ಹೆಚ್ಚು. ಹಳ್ಳು ದೊಡ್ಡದಾಗಿದ್ದರೆ, ಜ್ವರವೋ ರಕ್ತವೋ ಕಂಡರೆ, ಆಸ್ಪತ್ರೆ. 'ಬೀರು ತಂಪು' ಎಂಬುದೂ ಇದೇ ಜಾತಿಯ ಮಾತು. ತಂಪಾಗಿರುವುದು ಫ್ರಿಜ್ಜು. ಮದ್ಯಸಾರವು ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಹೇಳಿದೆ. ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲವೆಂದು ಆ ಸಂಸ್ಥೆ 2023ರ ಜನವರಿಯಲ್ಲಿ ಸಾರಿತು. ಬೀರಿಗೆಂದು ಬೇರೆ ವಿನಾಯಿತಿ ಅದರಲ್ಲಿಲ್ಲ.

ಹಾಗಾದರೆ ಒಂದು ಲೋಟ ಬೀರು ಕುಡಿಯುವುದು ಪಾಪವೇ? ಗುರುಮಠದಲ್ಲಿ ನಾವು ಓದಿದ ಸಂತ ತೋಮಾಸ್ ಅಕ್ವಿನಾಸರು ಇದನ್ನು ಬಹಳ ಜಾಣತನದಿಂದ ಬಿಡಿಸಿದ್ದಾರೆ. ಪಾನೀಯ ತಾನಾಗಿ ಪಾಪವಲ್ಲ, ದೇವರ ಸೃಷ್ಟಿಯಲ್ಲಿ ಯಾವುದೂ ತಾನಾಗಿ ಕೆಟ್ಟದ್ದಲ್ಲ. ಆದರೆ ಕುಡಿಯುವವನ ಸ್ಥಿತಿಯಿಂದ ಅದು ತಪ್ಪಾಗಬಹುದು: ಬೇಗ ಕೆಡುವವನಾಗಿದ್ದರೆ, ಬಿಡುವೆನೆಂದು ಹರಕೆ ಹೊತ್ತಿದ್ದರೆ, ಅಳತೆ ಮೀರಿದರೆ, ನೋಡಿದವರು ಅದರಿಂದ ಎಡವುವಂತಿದ್ದರೆ. ಈ ನಾಲ್ಕನ್ನು ನಮ್ಮ ಮನೆಗಳ ಮೇಲೆ ಇಟ್ಟು ನೋಡಿರಿ. ತಂದೆ ಕುಡಿತದಿಂದ ಸತ್ತ ಮನೆಯ ಮಗ ಬೇಗ ಕೆಡುವವರ ಸಾಲಿನಲ್ಲಿ ನಿಂತಿದ್ದಾನೆ. ಆ ಒಲವು ಅರ್ಧಕ್ಕೆ ಅರ್ಧ ರಕ್ತದಲ್ಲೇ ಬರುತ್ತದೆಂದು ಇಂದಿನ ವಿಜ್ಞಾನವೂ ಹೇಳುತ್ತದೆ. ಬೇರೊಬ್ಬನಿಗೆ ಸಲ್ಲಬಹುದಾದ ಲೋಟ ಅವನಿಗೆ ಸಲ್ಲದು. ಇದು ಅನ್ಯಾಯವೆಂದು ಅವನಿಗೆ ಅನ್ನಿಸಬಹುದು. ಸಕ್ಕರೆ ಕಾಯಿಲೆಯವನಿಗೆ ಹೋಳಿಗೆ ಸಲ್ಲದಿರುವುದೂ ಹೀಗೆಯೇ.

ನಾಲ್ಕನೆಯ ಮಾತು ನಮ್ಮ ಸಮಾರಂಭಗಳಿಗೆ ಹೆಚ್ಚು ತಾಗುತ್ತದೆ. ಮದುವೆಯ ಹಿಂದಿನ ರಾತ್ರಿ ಹುಡುಗನ ಗೆಳೆಯರಿಗೆಂದು ಇಷ್ಟು ಕೇಸ್ ಬೀರು ಇಡಲೇಬೇಕೆಂದು ಹೆಣ್ಣಿನ ತಂದೆಗೆ ಹೇಳಿಕಳಿಸುವ ರೂಢಿ ಈಚೆಗೆ ನಮ್ಮಲ್ಲೂ ಕಾಲಿಟ್ಟಿದೆ. ತೊಗರಿ ಹೊಲದ ಕೂಲಿಯಲ್ಲಿ ಬದುಕುವ ಮನುಷ್ಯ ಅದಕ್ಕಾಗಿ ಬಡ್ಡಿ ಸಾಲ ತೆಗೆಯುತ್ತಾನೆ. ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿಯೇ ದ್ರಾಕ್ಷಾರಸ ಕೊಟ್ಟರಲ್ಲ ಎಂದು ನನ್ನೊಡನೆ ವಾದಿಸಿದವರಿದ್ದಾರೆ. ಕೊಟ್ಟರು. ಆದರೆ ಅಲ್ಲಿ ಮಾತೆ ಮರಿಯಮ್ಮನವರು ಕಂಡದ್ದು ಒಂದು ಬಡ ಮನೆಯ ಮಾನ ಹೋಗುವ ಗಳಿಗೆಯನ್ನು. ಆ ಮಾನವನ್ನು ಪ್ರಭು ಉಳಿಸಿದರು. ನಾವು ಬೀರಿನ ಪಟ್ಟಿ ಕಳಿಸಿ ಅದನ್ನೇ ಕಳೆಯುತ್ತಿದ್ದೇವೆ. ಇದನ್ನು ಮದುವೆಯ ಪೂರ್ವಸಿದ್ಧತೆಯಲ್ಲಿ ಹುಡುಗರಿಗೆ ನೇರವಾಗಿ ಹೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಡಬ್ಲಿನ್ ನಗರದಲ್ಲಿ ಮ್ಯಾಟ್ ಟಾಲ್ಬಟ್ ಎಂಬ ಕೂಲಿಕಾರನಿದ್ದ. ಹುಡುಗನಾಗಿದ್ದಾಗ ಬೀರು ತುಂಬುವವರ ಬಳಿ ಕೆಲಸಕ್ಕೆ ಸೇರಿ, ಅಲ್ಲಿಯೇ ಕುಡಿತ ಕಲಿತವನು. 1884ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಮೊದಲು ಮೂರು ತಿಂಗಳಿಗೆಂದು ಮಾತ್ರ ಬಿಡುವ ಪ್ರತಿಜ್ಞೆ ಮಾಡಿದ. ಆಮೇಲೆ ಅದನ್ನು ಮುಂದುವರಿಸುತ್ತಾ ಹೋದ. ನಲವತ್ತು ವರ್ಷ ಮುಟ್ಟದೆ, 1925ರ ಜೂನ್ 7ರಂದು ಬಲಿಪೂಜೆಗೆ ಹೋಗುವ ದಾರಿಯಲ್ಲಿ ಬಿದ್ದು ಮಡಿದ. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಸಾರಿತು. ಮೂರು ತಿಂಗಳು ಎಂಬುದನ್ನು ಗಮನಿಸಿರಿ. ನಮ್ಮ ತಪಸ್ಸುಕಾಲ ಅದಕ್ಕಿಂತ ಚಿಕ್ಕದು.

ಒಂದು ಎಚ್ಚರಿಕೆಯ ಮಾತು. ದಿನವೂ ಹೆಚ್ಚು ಕುಡಿಯುತ್ತಿದ್ದವರು ಹರಕೆ ಹೊತ್ತು ಒಮ್ಮೆಲೇ ನಿಲ್ಲಿಸಿದರೆ ಎರಡು-ಮೂರು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು ಆಗಬಹುದು, ಪ್ರಾಣಕ್ಕೂ ಬರಬಹುದು. ಇದನ್ನು ದೆವ್ವ ಎಂದುಕೊಂಡು ಮನೆಯಲ್ಲಿಟ್ಟುಕೊಳ್ಳಬೇಡಿರಿ. ಮೊದಲು ವೈದ್ಯರ ಬಳಿ ಕರೆದೊಯ್ಯಿರಿ, ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಔಷಧವಿದೆ. ಆಮೇಲೆ ಬಿಟ್ಟವರೇ ಬಿಡುವವರಿಗೆ ಜೊತೆಯಾಗುವ ಎ.ಎ. ಸಂಘದ ಕೂಟಗಳಿವೆ. ಕುಡಿಯುವವರ ಹೆಂಡತಿ, ತಾಯಂದಿರಿಗೆಂದೇ ಬೇರೆ ಕೂಟಗಳೂ ಇವೆ. ದಾರಿ ಕೇಳಬೇಕೆನ್ನುವವರು ಬಲಿಪೂಜೆಯ ನಂತರ ಯಾವ ಗುರುಗಳನ್ನಾದರೂ ಕಾಣಬಹುದು, ಪಾಪನಿವೇದನೆಯ ಪೀಠಕ್ಕೇ ಬರಬೇಕೆಂದೇನಿಲ್ಲ. ಮಹಾಗಾಂವ ಕಡೆಯ ಆ ತಾಯಿಗೆ ನನ್ನ ಉತ್ತರ ಮುಟ್ಟಿದೆ. ಮಗನ ಹಳ್ಳಿನ ಸ್ಕ್ಯಾನಿಂಗ್ ಮುಂದಿನ ವಾರವಿದೆ. ಜೊತೆಗೆ ನಾನೂ ಹೋಗುತ್ತಿದ್ದೇನೆ.